ಬಡವರ ಆಸ್ಪತ್ರೆ ನಡೆಸೋಕೆ ದುಡ್ಡು ಎಲ್ಲಿಂದ, ಹೇಗೆ ತರುವುದು

ನಾನು 30 ಹಾಸಿಗೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತಾಲೂಕು ಊರು. ಬರುವವರಲ್ಲಿ ಜಾಸ್ತಿ ಜನ ಕೂಲಿಯವರು, ಸಣ್ಣ ರೈತರು, ಬೀದಿ ಬದಿ ವ್ಯಾಪಾರ ಮಾಡುವವರು. ಬಿಲ್ ಕೌಂಟರ್ ಮುಂದೆ ಸೆರಗಿನ ಗಂಟು ಬಿಚ್ಚಿ ಐವತ್ತು, ನೂರರ ನೋಟು ಎಣಿಸುವವರನ್ನು ದಿನಾ ನೋಡುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಟ್ರಸ್ಟ್ ಕಾರ್ಯದರ್ಶಿಗಳು ಹೇಳಿದ್ದು ಒಂದೇ ಮಾತು, "ದಾನಿಗಳನ್ನು ಹುಡುಕಬೇಕು." ಎರಡನೇ ವಾರ ನಾನು ಆಫೀಸಿನ ಬೀರು ತೆಗೆದೆ. ಮೇಲಿನ ಖಾನೆಯಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಯಾದ ಆಯುಷ್ಮಾನ್ ಫೈಲುಗಳ ರಾಶಿ. ಚಿಕಿತ್ಸೆ ಆಗಿತ್ತು, ರೋಗಿ ಮನೆಗೆ ಹೋಗಿ ತಿಂಗಳುಗಳೇ ಕಳೆದಿತ್ತು, ಆದರೆ ಕೆಲವು ಕ್ಲೇಮ್ (ಆ ಚಿಕಿತ್ಸೆಯ ದುಡ್ಡು ಕೊಡಿ ಅಂತ ಸರ್ಕಾರಕ್ಕೆ ಹಾಕುವ ಅರ್ಜಿ) ಹೋಗೇ ಇರಲಿಲ್ಲ, ಇನ್ನು ಕೆಲವಕ್ಕೆ ಪ್ರಶ್ನೆ ಕೇಳಿ ವಾಪಸ್ ಬಂದಿತ್ತು, ಯಾರೂ ಉತ್ತರ ಹಾಕಿರಲಿಲ್ಲ. ನಮ್ಮದೇ ದುಡ್ಡು ನಮ್ಮದೇ ಬೀರುವಿನಲ್ಲಿ ಧೂಳು ಹಿಡಿದು ಕೂತಿತ್ತು.

ಅದಕ್ಕೇ ಈ ಬರಹದಲ್ಲಿ ನಾನು ಮೊದಲಿನಿಂದ ಕೊನೆವರೆಗೂ ಹೇಳುವುದು ಇದನ್ನೇ: ಮೊದಲು ಮಾಡಿದ ಕೆಲಸದ ದುಡ್ಡು ವಸೂಲಿ ಮಾಡಿ, ಆಮೇಲೆ ನಿಮ್ಮ ಜಿಲ್ಲೆಯ ನಿಧಿಗಳನ್ನು ಕೇಳಿ, ದಾನ ಕೇಳುವುದು ಕೊನೆಗೆ. ಎಷ್ಟೋ ಸಣ್ಣ ಆಸ್ಪತ್ರೆಗಳು ಇದನ್ನು ತಿರುಗಾಮುರುಗಾ ಮಾಡುತ್ತವೆ.

ಮೊದಲ ಬಾಗಿಲು: ಕ್ಲೇಮ್

ಆರೋಗ್ಯ ಕರ್ನಾಟಕ ಶುರುವಾಗಿದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ರೋಗಿ ಕೈಯಿಂದ ಒಂದು ರೂಪಾಯಿ ಇಲ್ಲ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿರುವ ದರ) ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಇದನ್ನೆಲ್ಲ ನಡೆಸುವುದು ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಸ್ಪತ್ರೆಯವರೆಲ್ಲ ಸುಮ್ನೆ 'ಸಾಸ್ಟ್' ಅನ್ನುತ್ತೇವೆ.

ನೀವು ಇನ್ನೂ ಸಾಸ್ಟ್ ಪಟ್ಟಿಗೆ ಸೇರಿಲ್ಲ ಅಂದರೆ ಮೊದಲು ಅದನ್ನು ಮಾಡಿ. ಕೆಪಿಎಂಇ ನೋಂದಣಿ, ಅಂದರೆ ಖಾಸಗಿ ಆಸ್ಪತ್ರೆ ನಡೆಸಲು ಬೇಕಾದ ನೋಂದಣಿ, ಚಾಲ್ತಿಯಲ್ಲಿರಬೇಕು. ಆಸ್ಪತ್ರೆ ಕಸದ ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ, ಟ್ರಸ್ಟಿನ ಪ್ಯಾನ್, ಬ್ಯಾಂಕ್ ಖಾತೆ, ಪ್ರತಿ ಡಾಕ್ಟರ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ಸಂಖ್ಯೆ, ಇವೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ಬಾಗಿಲು ತಟ್ಟಿದರೂ ಇದೇ ಫೈಲು ಬೇಕಾಗುತ್ತದೆ. ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕು ಅನ್ನುವುದನ್ನು ಮಾತ್ರ ಯೋಚಿಸಿ. ವಾರಕ್ಕೊಮ್ಮೆ ಬರುವ ಮೂಳೆ ಡಾಕ್ಟರನ್ನು ನಂಬಿಕೊಂಡು ಮೂಳೆ ವಿಭಾಗ ಸೇರಿಸಿದರೆ ಅವರು ಬರದ ವಾರ ನೀವು ರೋಗಿಗೆ ಏನು ಹೇಳುತ್ತೀರಿ? ನಿಮ್ಮಲ್ಲಿ ದಿನಾ ನಡೆಯುವ ಕೆಲಸವನ್ನಷ್ಟೇ ಹಾಕಿ.

ಇನ್ನೊಂದು ವಿಷಯ ರೋಗಿಗಳಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಆಸ್ಪತ್ರೆಯವರಿಗೂ ಗೊತ್ತಿರುವುದಿಲ್ಲ. ಕರ್ನಾಟಕದಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದಾಗ ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದುಕೊಂಡು ಪಟ್ಟಿಯಲ್ಲಿರುವ ಖಾಸಗಿ ಅಥವಾ ಟ್ರಸ್ಟ್ ಆಸ್ಪತ್ರೆಗೆ ಬರಬೇಕು. ತುರ್ತು ಅಂತ ಪಟ್ಟಿ ಮಾಡಿರುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ, ನೇರ ಬರಬಹುದು. ಹಾಗಾಗಿ ನಿಮ್ಮೂರಿನ ತಾಲೂಕು ಆಸ್ಪತ್ರೆಯ ಆರೋಗ್ಯ ಮಿತ್ರ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಮತ್ತು ಅಲ್ಲಿನ ಆಡಳಿತ ವೈದ್ಯಾಧಿಕಾರಿಗಳ ಪರಿಚಯ ಮಾಡಿಕೊಳ್ಳಿ. ನಿಮ್ಮಲ್ಲಿ ಯಾವ ಯಾವ ಚಿಕಿತ್ಸೆ ಇದೆ ಅಂತ ಅವರಿಗೆ ಗೊತ್ತಿದ್ದರೆ ರೋಗಿ 100 ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಅಲೆಯುವುದು ತಪ್ಪುತ್ತದೆ.

ಈಗ ಬೀರುವಿನ ಫೈಲುಗಳಿಗೆ ಬರೋಣ. ಒಂದೊಂದನ್ನೇ ತೆಗೆದು ನೋಡಿದಾಗ ಕ್ಲೇಮ್ ನಿಂತಿದ್ದಕ್ಕೆ ಕಾರಣ ಯಾವುದೂ ದೊಡ್ಡದಾಗಿರಲಿಲ್ಲ. ಒಬ್ಬ ಅಜ್ಜಿಯ ಹೆಸರು ರೇಷನ್ ಕಾರ್ಡಿನಲ್ಲಿ ಲಕ್ಷ್ಮವ್ವ, ಆಧಾರಿನಲ್ಲಿ ಲಕ್ಷ್ಮೀಬಾಯಿ, ನಮ್ಮ ಕೇಸ್ ಶೀಟಿನಲ್ಲಿ ಬರೀ ಲಕ್ಷ್ಮಿ. ಮೂರೂ ಒಬ್ಬರೇ ಅಂತ ನಮಗೆ ಗೊತ್ತು, ಬೆಂಗಳೂರಿನಲ್ಲಿ ಸ್ಕ್ರೀನ್ ಮುಂದೆ ಕೂತವರಿಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ಕಣ್ಣಿನ ಪೊರೆ ಆಪರೇಶನ್. ಕಣ್ಣಿಗೆ ಹಾಕಿದ ಲೆನ್ಸಿನ ಡಬ್ಬಿ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬ್ಯಾಚ್ ಸಂಖ್ಯೆ ಇರುತ್ತದೆ. ಅದನ್ನು ಕಿತ್ತು ಕೇಸ್ ಶೀಟಿಗೆ ಅಂಟಿಸಬೇಕು. ಆಪರೇಶನ್ ಥಿಯೇಟರಿನಲ್ಲಿ (ಓಟಿ) ಡಬ್ಬಿ ಸಮೇತ ಕಸದ ಬುಟ್ಟಿಗೆ ಹೋಗಿತ್ತು. ಹೆಬ್ಬೆರಳಗಲದ ಒಂದು ಸ್ಟಿಕ್ಕರ್ ಇಲ್ಲದ್ದಕ್ಕೆ ಇಡೀ ಆಪರೇಶನ್ನಿನ ದುಡ್ಡು ಹೋಯಿತು. ಅವತ್ತಿನಿಂದ ನಮ್ಮ ಓಟಿ ಸಿಸ್ಟರ್ ಸ್ಟಿಕ್ಕರನ್ನು ಮೊದಲು ತಮ್ಮ ಏಪ್ರನ್ನಿಗೆ ಅಂಟಿಸಿಕೊಳ್ಳುತ್ತಾರೆ, ಆಪರೇಶನ್ ಮುಗಿದ ತಕ್ಷಣ ಶೀಟಿಗೆ. ಅವರು ಹುಡುಕಿದ ಈ ದಾರಿಯಿಂದ ಆಮೇಲೆ ಒಂದೂ ತಪ್ಪಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಒಂದು ಉದ್ದನೆಯ ರಿಜಿಸ್ಟರ್ ತೆಗೆದುಕೊಳ್ಳಿ, ಕಂಪ್ಯೂಟರ್ ಇದ್ದರೆ ಎಕ್ಸೆಲ್ ಸಾಕು. ರೋಗಿ ದಾಖಲಾದ ದಿನ, ಪ್ರಿ-ಆಥ್ (ಚಿಕಿತ್ಸೆಗೆ ಮುಂಚೆ ಒಪ್ಪಿಗೆ ಕೇಳುವ ಅರ್ಜಿ) ಕಳಿಸಿದ ದಿನ, ಒಪ್ಪಿಗೆ ಬಂದ ದಿನ, ಡಿಸ್ಚಾರ್ಜ್ ದಿನ, ಕ್ಲೇಮ್ ಹಾಕಿದ ದಿನ, ಪ್ರಶ್ನೆ ಬಂತಾ, ಉತ್ತರ ಹಾಕಿದ್ದು ಯಾವಾಗ, ದುಡ್ಡು ಬಂದಿದ್ದು ಎಷ್ಟು, ಕಡಿತ ಎಷ್ಟು, ಯಾಕೆ. ಈ 'ಯಾಕೆ' ಅನ್ನುವ ಕೊನೆಯ ಕಲಮೇ ಎಲ್ಲಕ್ಕಿಂತ ಮುಖ್ಯ. ಮೂರು ತಿಂಗಳು ಬರೆದರೆ ನಿಮ್ಮ ಆಸ್ಪತ್ರೆ ಎಲ್ಲಿ ಎಡವುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಡಾಕ್ಟರು, ಸಿಸ್ಟರು, ಆರೋಗ್ಯ ಮಿತ್ರ, ಲೆಕ್ಕದವರು ನಾಲ್ಕೂ ಜನ ಅರ್ಧ ಗಂಟೆ ಕೂತು ಬಾಕಿ ಇರುವುದನ್ನು ಓದಿ. ಡಾಕ್ಟರಿಗೆ ಪುರಸೊತ್ತು ಇಲ್ಲ ಅಂತ ಬಿಡಬೇಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ರೋಗದ ಹೆಸರು ಒಂದು, ಪ್ಯಾಕೇಜಿನಲ್ಲಿ ಇನ್ನೊಂದು ಇದ್ದರೆ ಅದನ್ನು ಸರಿ ಮಾಡಲು ಅವರಿಗೆ ಮಾತ್ರ ಸಾಧ್ಯ.

ಕ್ಲೇಮ್ ಸರಿ ಇದ್ದರೆ ರಾಜ್ಯದೊಳಗಿನ ಆಸ್ಪತ್ರೆಗೆ 15 ದಿನದಲ್ಲಿ ಪಾವತಿ ಆಗಬೇಕು ಅಂತ ಆಯುಷ್ಮಾನ್ ನಿಯಮ ಹೇಳುತ್ತದೆ. ಆದರೂ ಕೈಯಲ್ಲಿ ಎರಡು ಮೂರು ತಿಂಗಳ ಸಂಬಳದಷ್ಟು ದುಡ್ಡು ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ. ದುಡ್ಡು ತಡವಾಯಿತು ಅಂತ ರೋಗಿಯ ಹತ್ತಿರ "ಸ್ವಲ್ಪ ಕೊಟ್ಟಿರಿ, ಆಮೇಲೆ ವಾಪಸ್ ಕೊಡ್ತೀವಿ" ಅನ್ನುವ ಕೆಲಸ ಮಾತ್ರ ಬೇಡವೇ ಬೇಡ. ಅದು ನಿಯಮಕ್ಕೂ ವಿರುದ್ಧ. ಬಿಪಿಎಲ್ ರೋಗಿ ಅಂತಹ ಮಾತು ಕೇಳಿದ ಮರುಕ್ಷಣ ಕಿವಿಯ ಓಲೆ ಬಿಚ್ಚುತ್ತಾರೆ, ನಾನು ನೋಡಿದ್ದೇನೆ.

ಇದೇ ಸಾಲಿನಲ್ಲಿ ಬರುವ ಇನ್ನು ಕೆಲವು

ಯಶಸ್ವಿನಿ. ಸಹಕಾರ ಸಂಘದ ಸದಸ್ಯರ ಯೋಜನೆ. 2003ರಲ್ಲಿ ಜಾರಿಗೆ ಬಂತು, 2018ರಲ್ಲಿ ನಿಂತಿತು, 2023ರ ಜನವರಿಯಿಂದ ಮತ್ತೆ ಶುರುವಾಯಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ. ನಿಮ್ಮ ಸುತ್ತ ಹಾಲಿನ ಡೈರಿ, ಪತ್ತಿನ ಸಹಕಾರ ಸಂಘ ಜಾಸ್ತಿ ಇದ್ದರೆ ಇದರ ನೆಟ್‌ವರ್ಕ್ ಆಸ್ಪತ್ರೆ ಆಗುವುದು ಒಳ್ಳೆಯದು. ಸದಸ್ಯತ್ವ ನೋಂದಣಿ ನಡೆಯುವ ತಿಂಗಳಲ್ಲಿ ಡೈರಿ ಕಾರ್ಯದರ್ಶಿಗಳ ಹತ್ತಿರ ಹೋಗಿ ಮಾತಾಡಿ. ರೋಗ ಬಂದ ಮೇಲೆ ಕಾರ್ಡ್ ಮಾಡಿಸೋಣ ಅಂದರೆ ಆಗುವುದಿಲ್ಲ.

ಇಎಸ್‌ಐ. ನೌಕರರ ವಿಮಾ ಯೋಜನೆ. ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆ ಇರುವ ಕಡೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇದು ಇರುತ್ತದೆ. ಇಎಸ್‌ಐ ಜೊತೆ ಒಪ್ಪಂದ ಮಾಡಿಕೊಂಡ ಆಸ್ಪತ್ರೆಗೆ ಅವರು ರೋಗಿಗಳನ್ನು ಕಳಿಸುತ್ತಾರೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದವರಿಗೂ ವೈದ್ಯಕೀಯ ನೆರವು ಇದೆ, ಅಲ್ಲಿ ಅರ್ಜಿ ಹಾಕುವವರು ಕಾರ್ಮಿಕರು, ಬಿಲ್ಲು ಸರಿಯಾಗಿ ಕೊಡಬೇಕಾದವರು ನೀವು.

ಕಣ್ಣಿನ ಆಸ್ಪತ್ರೆ ಅಥವಾ ಕಣ್ಣಿನ ವಿಭಾಗ ಇದ್ದರೆ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಜಿಲ್ಲಾ ಅಧಿಕಾರಿಯನ್ನು ಕಾಣಿ. ಸ್ವಯಂಸೇವಾ ಸಂಸ್ಥೆಗಳು ಉಚಿತವಾಗಿ ಮಾಡುವ ಪೊರೆ ಆಪರೇಶನ್ ಒಂದಕ್ಕೆ 2,000 ರೂಪಾಯಿ ಅನುದಾನ ಇದೆ. ಮೊದಲೇ ಜಿಲ್ಲಾ ಆರೋಗ್ಯ ಸಂಘದ ಜೊತೆ ಒಪ್ಪಂದ ಆಗಿರಬೇಕು, ಶಿಬಿರ ಮುಗಿಸಿ ಆಮೇಲೆ ಕೇಳಿದರೆ ಬರುವುದಿಲ್ಲ. ಒಂದೇ ಕಣ್ಣಿಗೆ ಆಯುಷ್ಮಾನಿನಲ್ಲೂ ಇಲ್ಲೂ ಕ್ಲೇಮ್ ಹಾಕುವುದು ತಪ್ಪು, ಸಿಕ್ಕಿಬಿದ್ದರೆ ಎರಡೂ ಕಡೆಯಿಂದ ಹೊರಗೆ ಹಾಕುತ್ತಾರೆ. ಕ್ಷಯದ ರೋಗಿಯನ್ನು ಸರ್ಕಾರದ ಕ್ಷಯ ಪೋರ್ಟಲ್ ಆದ ನಿಕ್ಷಯ್‌ನಲ್ಲಿ ದಾಖಲಿಸಿದರೆ ಖಾಸಗಿ ಆಸ್ಪತ್ರೆಗೆ 500, ಚಿಕಿತ್ಸೆ ಮುಗಿದ ವಿವರ ಹಾಕಿದರೆ ಇನ್ನೊಂದು 500. ಸಣ್ಣ ಮೊತ್ತ, ಆದರೆ ಆ ದಾಖಲೆಯಿಂದಲೇ ರೋಗಿಗೆ ಪೌಷ್ಟಿಕ ಆಹಾರದ ದುಡ್ಡೂ ಅವರ ಖಾತೆಗೆ ಹೋಗುತ್ತದೆ, ಅದಕ್ಕಾದರೂ ಮಾಡಿ.

ನಿಮ್ಮದು ಸರ್ಕಾರಿ ಆಸ್ಪತ್ರೆ ಆಗಿದ್ದರೆ

ಈ ಭಾಗ ಸರ್ಕಾರಿ ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ. ನಿಮ್ಮಲ್ಲಿ ಎಷ್ಟೋ ಜನ ವರ್ಷಕ್ಕೊಮ್ಮೆ ಸಭೆಗೆ ಹೋಗಿ, ಚಹಾ ಕುಡಿದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಬರುತ್ತೀರಿ. ಆ ಪುಸ್ತಕಕ್ಕೆ ಎಷ್ಟು ಶಕ್ತಿ ಇದೆ ಅಂತ ಹೇಳಿಕೊಟ್ಟವರು ಕಡಿಮೆ.

ಸಮಿತಿಗೆ ತನ್ನದೇ ಬ್ಯಾಂಕ್ ಖಾತೆ ಇದೆ. ಅದಕ್ಕೆ ಬರುವ ದುಡ್ಡಿಗೆ ಮೂರು ನಾಲ್ಕು ಮೂಲ. ಒಂದು, ಬಳಕೆದಾರರ ಶುಲ್ಕ. ಎರಡು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಮುಕ್ತ ನಿಧಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇದರ ಹಳೆಯ ಲೆಕ್ಕ ಹೀಗಿತ್ತು: ಮುಕ್ತ ನಿಧಿ 25,000, ಕಟ್ಟಡ ನಿರ್ವಹಣೆಗೆ 50,000, ಸಮಿತಿಗೆ 1 ಲಕ್ಷ, ಒಟ್ಟು 1.75 ಲಕ್ಷ. ಆಮೇಲೆ ಇದನ್ನೆಲ್ಲ ಒಂದೇ ಅನುದಾನ ಮಾಡಿದರು. ಹಳ್ಳಿಯ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ಬೇರೆ 10,000. ಮೂರು, ಆಯುಷ್ಮಾನ್ ಕ್ಲೇಮ್. ಸರ್ಕಾರಿ ಆಸ್ಪತ್ರೆಗೂ ಕ್ಲೇಮ್ ದುಡ್ಡು ಬರುತ್ತದೆ ಅನ್ನುವುದು ಜನರಿಗಂತೂ ಗೊತ್ತೇ ಇಲ್ಲ. ತಾಲೂಕು ಆಸ್ಪತ್ರೆಯಲ್ಲಿ ಒಂದು ಆಪರೇಶನ್ ಆದರೂ ಅದಕ್ಕೊಂದು ಪ್ಯಾಕೇಜ್ ಇದೆ, ಕ್ಲೇಮ್ ಹಾಕಿದರೆ ಆಸ್ಪತ್ರೆಗೆ ಬರುತ್ತದೆ, ಸ್ವಲ್ಪ ಭಾಗ ಸಿಬ್ಬಂದಿಗೆ ಪ್ರೋತ್ಸಾಹಧನವಾಗಿ, ಉಳಿದಿದ್ದು ಆಸ್ಪತ್ರೆ ಖರ್ಚಿಗೆ. "ಹೇಗೂ ಉಚಿತ ಅಲ್ವಾ, ಕಾರ್ಡ್ ಯಾಕೆ" ಅಂತ ದಾಖಲೆ ಮಾಡದೆ ಬಿಟ್ಟರೆ ಆ ದುಡ್ಡು ನಿಮ್ಮೂರಿಗೆ ಬರುವುದೇ ಇಲ್ಲ.

ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ, ಸಾಕು. ಕಳೆದ ಮೂರು ತಿಂಗಳಲ್ಲಿ ಎಷ್ಟು ಆಪರೇಶನ್, ಎಷ್ಟು ಹೆರಿಗೆ ಆಯಿತು? ಅದರಲ್ಲಿ ಎಷ್ಟಕ್ಕೆ ಕ್ಲೇಮ್ ಹೋಯಿತು? ಎರಡು ಅಂಕಿಗಳ ನಡುವೆ ಎಷ್ಟು ಅಂತರ ಇದೆಯೋ ಅಷ್ಟು ದುಡ್ಡು ಸೋರಿದೆ. ಉತ್ತರ ಏನೇ ಬಂದರೂ ಅದನ್ನು ನಡಾವಳಿಯಲ್ಲಿ ಬರೆಸಿ. ತಾಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಶಾಸಕರೇ ಸಮಿತಿ ಅಧ್ಯಕ್ಷರು. ಬರೆದಿಟ್ಟ ಅಂಕಿ ಅವರ ಮುಂದೆ ಇದ್ದರೆ ಡೇಟಾ ಎಂಟ್ರಿಗೆ ಒಬ್ಬರನ್ನು ಕೊಡಿ ಅಂತ ಕೇಳುವುದು ಸುಲಭ.

ಸರ್ಕಾರಿ ಆಸ್ಪತ್ರೆಗೆ ಇನ್ನೂ ಎರಡು ದಾರಿ ಇವೆ, ಎರಡೂ ಪೊರಕೆಯಿಂದ ಶುರುವಾಗುತ್ತವೆ. 2015ರಲ್ಲಿ ಬಂದ ಕಾಯಕಲ್ಪ ಪ್ರಶಸ್ತಿ ಸ್ವಚ್ಛತೆ ಮತ್ತು ಸೋಂಕು ತಡೆಗೆ ಕೊಡುವುದು. ಶೇ 70ರ ಮೇಲೆ ಅಂಕ ಬಂದರೆ ಮೊದಲ ಸ್ಥಾನ ಬರದಿದ್ದರೂ ಸಮಾಧಾನಕರ ಬಹುಮಾನ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 50,000, ಸಮುದಾಯ ಆರೋಗ್ಯ ಕೇಂದ್ರಕ್ಕೆ 1 ಲಕ್ಷ, ಜಿಲ್ಲಾ ಆಸ್ಪತ್ರೆಗೆ 3 ಲಕ್ಷ. ಬಂದ ದುಡ್ಡಿನಲ್ಲಿ ಶೇ 75 ಆಸ್ಪತ್ರೆಗೆ, ಶೇ 25 ಸಿಬ್ಬಂದಿಗೆ. ಎರಡನೆಯದು ಎನ್‌ಕ್ವಾಸ್ ಗುಣಮಟ್ಟದ ಪ್ರಮಾಣಪತ್ರ. ಇದು ಸಿಕ್ಕ ಜಿಲ್ಲಾ ಆಸ್ಪತ್ರೆಗೆ ಹಾಸಿಗೆಗೆ ವರ್ಷಕ್ಕೆ 10,000ದಂತೆ ಮೂರು ವರ್ಷ ಬರುತ್ತದೆ. 100 ಹಾಸಿಗೆ ಇದ್ದರೆ ವರ್ಷಕ್ಕೆ 10 ಲಕ್ಷ. ಅಂಕ ಕೊಡುವ ಪಟ್ಟಿಯನ್ನು ಮೊದಲೇ ತರಿಸಿಕೊಂಡು ನೀವೇ ಒಂದು ಸಲ ಅಂಕ ಹಾಕಿ ನೋಡಿ. ಕೈ ತೊಳೆಯುವ ನಲ್ಲಿ ಹತ್ತಿರ ಸೋಪು ಇದೆಯಾ, ಕಸಕ್ಕೆ ಬೇರೆ ಬೇರೆ ಬಣ್ಣದ ಬುಟ್ಟಿ ಇದೆಯಾ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ಇಂಥವೇ ಎಷ್ಟೋ. ಇದಕ್ಕೆ ಲಕ್ಷಾಂತರ ಬೇಕಾಗಿಲ್ಲ.

ನಿಮ್ಮ ಜಿಲ್ಲೆಯ ನಿಧಿ

ಕಟ್ಟಡ, ಯಂತ್ರ, ಆಂಬುಲೆನ್ಸ್ ಇಂಥ ದೊಡ್ಡ ಖರ್ಚಿಗೆ ಕ್ಲೇಮ್ ದುಡ್ಡು ಸಾಲುವುದಿಲ್ಲ. ಅದಕ್ಕೆ ಡಿಸಿ ಆಫೀಸಿನ ಬಾಗಿಲು ನೋಡಬೇಕು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಸಂಸದರದ್ದು 5 ಕೋಟಿ. ಎರಡರಲ್ಲೂ ಶಾಸಕರು, ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಧಿಕಾರಿಗಳದ್ದು. ನಿರ್ಮಿತಿ ಕೇಂದ್ರ ಅಥವಾ ಕೆಆರ್‌ಐಡಿಎಲ್ ಅಂಥ ಸರ್ಕಾರಿ ನಿರ್ಮಾಣ ಸಂಸ್ಥೆ ಎಸ್ಟಿಮೇಟ್ ಮಾಡಿ ಕೆಲಸ ಮಾಡಿಸುತ್ತದೆ, ದುಡ್ಡು ನಿಮ್ಮ ಕೈಗೆ ಬರುವುದಿಲ್ಲ. ಟ್ರಸ್ಟ್ ಆಸ್ಪತ್ರೆಗೂ ಕೊಡಬಹುದು, ಆದರೆ ಒಂದು ಸಂಸ್ಥೆಗೆ ಇಷ್ಟೇ ಅಂತ ಮಿತಿ ಇದೆ, ನೋಂದಣಿಯಾಗಿ ಕೆಲವು ವರ್ಷ ಆಗಿರಬೇಕು, ಆಸ್ತಿಯನ್ನು ಸಾರ್ವಜನಿಕ ಬಳಕೆಗೇ ಇಡುತ್ತೇವೆ ಅಂತ ಒಪ್ಪಂದ ಬರೆದುಕೊಡಬೇಕು. ಡಿಸಿ ಆಫೀಸಿನಲ್ಲಿ ಈ ವಿಷಯ ನೋಡುವ ವಿಭಾಗಕ್ಕೆ ಮೊದಲು ಹೋಗಿ ಈ ವರ್ಷದ ನಿಯಮ ಏನು ಕೇಳಿ, ಆಮೇಲೆ ಶಾಸಕರ ಮನೆಗೆ ಹೋಗಿ. ಶಾಸಕರು "ಆಯ್ತು" ಅಂದ ಮೇಲೆ ನಿಯಮದಲ್ಲಿ ಆಗುವುದಿಲ್ಲ ಅಂತ ಗೊತ್ತಾದರೆ ಅವರಿಗೂ ಮುಜುಗರ, ನಿಮಗೂ ಆರು ತಿಂಗಳು ದಂಡ.

ಗಣಿ ಇರುವ ಜಿಲ್ಲೆಯವರು ಕಿವಿಗೊಟ್ಟು ಕೇಳಿ. ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದಿದೆ, ಎಲ್ಲರೂ ಡಿಎಂಎಫ್ ಅನ್ನುತ್ತಾರೆ. 2015ರ ಕಾಯ್ದೆ ತಿದ್ದುಪಡಿಯಿಂದ ಬಂದಿದ್ದು. ಗಣಿಯವರು ಕಟ್ಟುವ ರಾಜಧನದ ಮೇಲೆ ಇಷ್ಟು ಪಾಲು ಅಂತ ಇದಕ್ಕೆ ಕಟ್ಟಬೇಕು: ಹಳೆಯ ಗುತ್ತಿಗೆಗೆ ರಾಜಧನದ ಶೇ 30, ಹರಾಜಿನಲ್ಲಿ ಪಡೆದ ಗುತ್ತಿಗೆಗೆ ಶೇ 10. ಈ ದುಡ್ಡಿನಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಮೊದಲ ಆದ್ಯತೆಯ ಕೆಲಸಗಳಿಗೆ ಮೊದಲು ಕನಿಷ್ಠ ಶೇ 60 ಇಡಬೇಕಿತ್ತು, 2024ರ ಹೊಸ ಮಾರ್ಗಸೂಚಿಯಲ್ಲಿ ಶೇ 70 ಮಾಡಿದ್ದಾರೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಕಡೆಯ ಗಣಿಬಾಧಿತ ಹಳ್ಳಿಗಳ ಜನ ಧೂಳು ಕುಡಿದು ಕೆಮ್ಮುತ್ತಿರುವಾಗ ಅವರಿಗೆ ಎಕ್ಸ್‌ರೇ, ಶ್ವಾಸಕೋಶ ಪರೀಕ್ಷೆಯ ಯಂತ್ರ ಕೇಳುವುದಕ್ಕೆ ಇದಕ್ಕಿಂತ ನ್ಯಾಯವಾದ ಜಾಗ ಇನ್ನೊಂದಿಲ್ಲ. ಅರ್ಜಿಯಲ್ಲಿ ನಿಮ್ಮಲ್ಲಿಗೆ ಬರುವ ರೋಗಿಗಳು ಯಾವ ಯಾವ ಹಳ್ಳಿಯವರು ಅಂತ ಪಟ್ಟಿ ಹಾಕಿ, ಆ ಹಳ್ಳಿ ಗಣಿಬಾಧಿತ ಪಟ್ಟಿಯಲ್ಲಿ ಇದೆಯಾ ಅಂತ ಗುರುತು ಮಾಡಿ. ಅದೇ ನಿಮ್ಮ ವಾದದ ಬೆನ್ನೆಲುಬು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗಳಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಇದೆ. ಸಂವಿಧಾನದ 371 ಜೆ ವಿಧಿಯಿಂದ ಬಂದ ಹಕ್ಕಿನ ದುಡ್ಡು ಇದು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಶುರುವಾದ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಈ ಮಂಡಳಿಯ ಅನುದಾನದಲ್ಲಿ ಆಗಿದ್ದು. ಹಾಸಿಗೆ ಎಷ್ಟು ಗೊತ್ತಾ, 371. ಎದೆನೋವು ಬಂದರೆ ಬೆಂಗಳೂರಿಗೋ ಹೈದರಾಬಾದಿಗೋ ಓಡಬೇಕಿದ್ದ ಕಡೆ ಅಂಥ ಆಸ್ಪತ್ರೆ ನಿಂತಿದೆ. ಪ್ರತಿ ವರ್ಷದ ಕ್ರಿಯಾ ಯೋಜನೆ ತಯಾರಾಗುವ ಮುಂಚೆಯೇ ಶಾಸಕರ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ಪಟ್ಟಿಯಲ್ಲಿ ನಿಮ್ಮೂರಿನ ಆಸ್ಪತ್ರೆಯ ಹೆಸರು ಸೇರಬೇಕು. ಮಲೆನಾಡು, ಬಯಲುಸೀಮೆಗೂ ಇಂಥ ಮಂಡಳಿಗಳಿವೆ, ಮೊತ್ತ ಚಿಕ್ಕದು.

ಯಾವ ನಿಧಿಯಿಂದ ಯಂತ್ರ ಕೇಳಿದರೂ ಒಂದು ಮಾತು ನೆನಪಿರಲಿ. ನಾವು ಹೀಗೆ ಒಂದು ಎಕ್ಸ್‌ರೇ ಯಂತ್ರ ಪಡೆದೆವು. ಲಾರಿ ಬಂತು, ತೆಂಗಿನಕಾಯಿ ಒಡೆದೆವು, ಫೋಟೊ ತೆಗೆಸಿಕೊಂಡೆವು. ಆಮೇಲೆ ನೋಡಿದರೆ ನಮ್ಮ ಕಟ್ಟಡದ ಕರೆಂಟ್ ಲೋಡ್ ಸಾಲದು. ಗೋಡೆಗೆ ಸೀಸದ ಹಾಳೆ ಇಲ್ಲ. ಏಳು ತಿಂಗಳು ಯಂತ್ರ ಪೆಟ್ಟಿಗೆಯಲ್ಲೇ ಇತ್ತು, ಅದರ ಮೇಲೆ ರೋಗಿಗಳ ಕಡೆಯವರು ಊಟದ ಬುತ್ತಿ ಇಟ್ಟುಕೊಳ್ಳುತ್ತಿದ್ದರು. ಗ್ಯಾರಂಟಿಯ ಒಂದು ವರ್ಷದಲ್ಲಿ ಏಳು ತಿಂಗಳು ಹಾಗೇ ಹೋಯಿತು. ಹಾಗಾಗಿ ಅರ್ಜಿಯಲ್ಲೇ ಎಲ್ಲ ಸೇರಿಸಿ ಕೇಳಿ: ಯಂತ್ರ, ಕೂರಿಸುವ ಖರ್ಚು, ವೈರಿಂಗ್, ಪರವಾನಗಿ, ನಿರ್ವಹಣೆ ಒಪ್ಪಂದ. ನಡೆಸುವ ಟೆಕ್ನಿಶಿಯನ್ ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಬರೆಯಿರಿ, ಅದನ್ನು ಯಾರೂ ಕೊಡುವುದಿಲ್ಲ, ನೀವೇ ಕ್ಲೇಮ್ ದುಡ್ಡಿನಲ್ಲಿ ಕೊಡಬೇಕು.

ಕಂಪನಿಗಳು, ದಾನಿಗಳು

ಈಗ ದಾನದ ವಿಷಯ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ ಅಥವಾ 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಇದನ್ನೇ ಸಿಎಸ್‌ಆರ್ ಅನ್ನುತ್ತಾರೆ. ಆರೋಗ್ಯ ಆ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ಕಂಪನಿ ಕೆಲಸ ಮಾಡುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಅಂದರೆ ನಿಮ್ಮ ತಾಲೂಕಿನಲ್ಲಿ ಸಕ್ಕರೆ ಕಾರ್ಖಾನೆ, ಸಿಮೆಂಟ್ ಕಾರ್ಖಾನೆ, ಗಾಳಿ ವಿದ್ಯುತ್ ಕಂಪನಿ ಇದ್ದರೆ ಬೆಂಗಳೂರಿನ ದೊಡ್ಡ ಕಂಪನಿಗಿಂತ ಮೊದಲು ಅವರನ್ನು ಕೇಳಿ.

ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ ಇರಬೇಕು, ಕೆಲಸ ಮಾಡಿ ಮೂರು ವರ್ಷದ ದಾಖಲೆ ಇರಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಸಂಖ್ಯೆಯನ್ನೂ ಪಡೆದಿರಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ಸಂಖ್ಯೆಗಳು ಬದಲಾದವು, ಜನ ಮಾತ್ರ ಹಳೆಯ ಹೆಸರನ್ನೇ ಹೇಳುತ್ತಾರೆ. ನಿಮ್ಮ ನೋಂದಣಿಯ ಅವಧಿ ಯಾವಾಗ ಮುಗಿಯುತ್ತದೆ ಅಂತ ಆಡಿಟರ್ ಹತ್ತಿರ ಇವತ್ತೇ ಕೇಳಿ, ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಇದು ತಪ್ಪಿ ದೊಡ್ಡ ದಾನ ಕೈಬಿಟ್ಟುಹೋದ ಆಸ್ಪತ್ರೆಗಳಿವೆ. ಊರಿನ ದಾನಿಗಳಿಗೆ ಒಂದು ಮಾತು ಮೊದಲೇ ಹೇಳಿ: 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಒಳ್ಳೆಯದು.

ಪತ್ರ ಒಂದೇ ಪುಟ ಇರಲಿ. "ಬಡವರ ಸೇವೆಯಲ್ಲಿ 40 ವರ್ಷ" ಅಂತ ಶುರು ಮಾಡುವ ಪತ್ರಗಳನ್ನು ಅವರು ದಿನಾ ಓದುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ಕಳೆದ ವರ್ಷ ನಿಮ್ಮ ಕಾರ್ಖಾನೆಯ ಸುತ್ತಲಿನ ಈ ಆರು ಹಳ್ಳಿಗಳಿಂದ ಇಷ್ಟು ಜನ ಡಯಾಲಿಸಿಸ್‌ಗೆ ಬಂದರು, ಇಷ್ಟು ಜನರನ್ನು ಯಂತ್ರ ಸಾಲದೆ ವಾಪಸ್ ಕಳಿಸಿದೆವು, ಒಂದು ಯಂತ್ರಕ್ಕೆ ಇಷ್ಟು, ಮೂರು ಕೊಟೇಶನ್ ಜೊತೆಗಿದೆ. ಅಂಕಿಗಳು ನಿಮ್ಮ ರಿಜಿಸ್ಟರಿನಿಂದಲೇ ಬರಬೇಕು. ಕ್ಲೇಮ್ ರಿಜಿಸ್ಟರ್ ಸರಿ ಇಟ್ಟವರಿಗೆ ಈ ಪತ್ರ ಬರೆಯಲು ಒಂದು ಮಧ್ಯಾಹ್ನ ಸಾಕು, ಇಡದವರಿಗೆ ಒಂದು ವರ್ಷವೂ ಸಾಲದು. ಏಪ್ರಿಲ್‌ನಿಂದ ಜೂನ್ ಒಳಗೆ ಮೊದಲ ಪತ್ರ ಕೊಡಿ, ಡಿಸೆಂಬರ್‌ನಲ್ಲಿ ಮತ್ತೊಮ್ಮೆ ನೆನಪಿಸಿ, ಮಾರ್ಚ್ 31ರ ಒಳಗೆ ಖರ್ಚಾಗದೆ ಉಳಿದ ದುಡ್ಡು ಇರುವ ಕಂಪನಿಗಳು ಆಗ ತಯಾರಾದ ಕೆಲಸ ಹುಡುಕುತ್ತಿರುತ್ತವೆ.

ಯಾವ ಯೋಜನೆಗೂ ಸಿಗದ ರೋಗಿ ಬಂದಾಗ

ರೇಷನ್ ಕಾರ್ಡ್ ಇಲ್ಲದವರು, ಪ್ಯಾಕೇಜ್ ಪಟ್ಟಿಯಲ್ಲಿ ಇಲ್ಲದ ಕಾಯಿಲೆ, ಮಿತಿ ಮುಗಿದವರು ಬರುತ್ತಾರೆ. ಅವರಿಗೆ ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಿ ಪರಿಹಾರ ನಿಧಿ, ಸರ್ಕಾರಿ ಆಸ್ಪತ್ರೆಯಲ್ಲಿ ದೊಡ್ಡ ಕಾಯಿಲೆಯ ಚಿಕಿತ್ಸೆಗಾದರೆ ರಾಷ್ಟ್ರೀಯ ಆರೋಗ್ಯ ನಿಧಿ. ಅರ್ಜಿ ರೋಗಿಯ ಹೆಸರಿನಲ್ಲಿ ಹೋಗುತ್ತದೆ, ಆದರೆ ಅದು ನಿಲ್ಲುವುದು ನೀವು ಕೊಡುವ ಅಂದಾಜು ವೆಚ್ಚದ ಪತ್ರದ ಮೇಲೆ. ಲೆಟರ್‌ಹೆಡ್, ಡಾಕ್ಟರ ಸಹಿ, ಸೀಲು, ಕಾಯಿಲೆಯ ಹೆಸರು, ಯಾವ ಚಿಕಿತ್ಸೆಗೆ ಎಷ್ಟು ಅಂತ ಬಿಡಿಬಿಡಿಯಾಗಿ. ರೋಗಿ ದಾಖಲಾದ ದಿನವೇ ಇದನ್ನು ಟೈಪ್ ಮಾಡಿ ಕೈಗೆ ಕೊಡಿ, ಡಿಸ್ಚಾರ್ಜ್ ದಿನ ಅಲ್ಲ. ನಮ್ಮಲ್ಲಿ ಈಗ ದಾಖಲಾತಿ ಫಾರಂ ಜೊತೆಗೇ ಒಂದು ಚೀಟಿ ಇದೆ: ರೇಷನ್ ಕಾರ್ಡ್ ಇದೆಯಾ, ಯಶಸ್ವಿನಿ ಇದೆಯಾ, ಇಎಸ್‌ಐ ಇದೆಯಾ, ಕಾರ್ಮಿಕ ಕಾರ್ಡ್ ಇದೆಯಾ. ನಾಲ್ಕಕ್ಕೂ ಇಲ್ಲ ಅಂತ ಬಂದರೆ ಆ ಚೀಟಿ ಅವತ್ತೇ ನನ್ನ ಟೇಬಲ್‌ಗೆ ಬರುತ್ತದೆ.

ಅರ್ಜಿ ಕೊಟ್ಟ ಮೇಲೆ

ಯಾವ ಆಫೀಸಿಗೆ ಏನೇ ಕೊಟ್ಟರೂ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಮೇಜಿನ ಮೇಲೆ ಇಟ್ಟು ಬಂದ ಅರ್ಜಿ ಕೊಟ್ಟ ಹಾಗಲ್ಲ. 15 ದಿನಕ್ಕೊಮ್ಮೆ ಆ ಸಂಖ್ಯೆ ಹಿಡಿದು ವಿಚಾರಿಸಿ, ಯಾರನ್ನು ಕೇಳಿದಿರಿ, ಏನು ಹೇಳಿದರು ಅಂತ ಅದೇ ಪ್ರತಿಯ ಹಿಂದೆ ಬರೆಯಿರಿ. ಆಗುವುದಿಲ್ಲ ಅಂದರೆ ಬಾಯಿಮಾತಿಗೆ ಒಪ್ಪಬೇಡಿ, ಲಿಖಿತ ಹಿಂಬರಹ ಕೇಳಿ. ಅದರಲ್ಲಿ ಕಾರಣ ಇರುತ್ತದೆ, ಕಾರಣ ಗೊತ್ತಾದರೆ ಮುಂದಿನ ವರ್ಷ ಸರಿ ಮಾಡಿಕೊಂಡು ಹಾಕಬಹುದು. ದುಡ್ಡು ಬಂದರೆ ಖರ್ಚಾದ ತಿಂಗಳಲ್ಲೇ ಬಳಕೆ ಪ್ರಮಾಣಪತ್ರ (ಯುಸಿ), ಬಿಲ್ಲು, ಯಂತ್ರದ ಸೀರಿಯಲ್ ಸಂಖ್ಯೆ ಕಾಣುವ ಫೋಟೊ ಕಳಿಸಿ. ಹಿಂದಿನ ಯುಸಿ ಬಾಕಿ ಇರುವ ಆಸ್ಪತ್ರೆಯ ಹೊಸ ಫೈಲು ಮೇಲಕ್ಕೆ ಹೋಗುವುದಿಲ್ಲ.

ಆಯುಷ್ಮಾನ್ ವಿಷಯದಲ್ಲಿ ರೋಗಿಗಳ ಕಡೆಯವರು ಕೇಳಿದರೆ 104 ಅಥವಾ 14555ಕ್ಕೆ ಫೋನ್ ಮಾಡಲು ಹೇಳಿ. ಈ ಎರಡು ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಿಲ್ ಕೌಂಟರ್ ಪಕ್ಕ ಅಂಟಿಸಿ, ಸಾಲಿನಲ್ಲಿ ನಿಂತವರ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ.